ಆರ್ಥಿಕ ಒಕ್ಕೂಟ ಸೇರಿದರೆ ದುಡಿಮೆಯ ಉತ್ಪಾದಕತೆ ಹೆಚ್ಚುವುದೇ?

ಪರ

ದುಡಿಯುವವರು ಒಂದು ಗಂಟೆಯಲ್ಲಿ ಉಂಟುಮಾಡುವ ಮೌಲ್ಯಕ್ಕೆ ದುಡಿಮೆಯ ಉತ್ಪಾದಕತೆ ಎನ್ನುತ್ತಾರೆ. ನೆರೆಹೊರೆಯ ದೇಶಗಳು ಪರಸ್ಪರ ಸುಂಕವನ್ನು ತೆಗೆದುಹಾಕಿ ಒಕ್ಕೂಟ ಕಟ್ಟಿಕೊಂಡಾಗ ಮಾರುಕಟ್ಟೆ ಹಿರಿದಾಗುತ್ತದೆ, ಬಂಡವಾಳ ಮತ್ತು ಯಂತ್ರಗಳು ಗಡಿ ದಾಟಿ ಬರುತ್ತವೆ, ಪ್ರತಿ ದೇಶವೂ ತನಗೆ ಚೆನ್ನಾಗಿ ಒಗ್ಗಿದ ಕೆಲಸವನ್ನೇ ಹೆಚ್ಚಾಗಿ ಮಾಡತೊಡಗುತ್ತದೆ. 2004ರ ಮೇ 1ರಂದು ಯುರೋಪ್ ಒಕ್ಕೂಟ ಸೇರಿದ ಪೋಲೆಂಡ್ ಇದಕ್ಕೆ ಒಳ್ಳೆಯ ಉದಾಹರಣೆ; ಅಲ್ಲಿನ ಉತ್ಪಾದಕತೆ ಪಶ್ಚಿಮ ಯುರೋಪಿನ ಮಟ್ಟದತ್ತ ಗಣನೀಯವಾಗಿ ಏರಿದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾಗುವವರೆಗೆ ಶಿವಮೊಗ್ಗದಿಂದ ಅಡಿಕೆ ಹೇರಿಕೊಂಡು ಉತ್ತರಕ್ಕೆ ಹೊರಟ ಲಾರಿಗಳು ರಾಜ್ಯ ರಾಜ್ಯಗಳ ತೆರಿಗೆ ಚೆಕ್‌ಪೋಸ್ಟುಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ಚೆಕ್‌ಪೋಸ್ಟುಗಳು ಹೋದ ಮೇಲೆ ಅದೇ ಚಾಲಕ ಅದೇ ಲಾರಿಯಲ್ಲಿ ಹೆಚ್ಚು ದೂರ ಕ್ರಮಿಸುವಂತಾಯಿತು. ದೇಶದೊಳಗೆ ಸರಿಯೆನಿಸಿದ್ದು ದೇಶಗಳ ನಡುವೆ ತಪ್ಪಾಗಲು ಕಾರಣ ಕಾಣುವುದಿಲ್ಲ. ಲಾಭ ಎಲ್ಲರಿಗೂ ಸಮನಾಗಿ ಹಂಚಿಹೋಗಿಲ್ಲವೆಂಬ ಮಾತನ್ನು, ಪರವಾಗಿ ಬರೆಯಲು ಒಪ್ಪಿಕೊಂಡಿದ್ದರೂ, ನಾನು ಅಲ್ಲಗಳೆಯಲಾರೆ.

ವಿರೋಧ

ಪರವಾಗಿ ಬರೆದ ಮಿತ್ರರು ಲಾರಿ ಹತ್ತಿ ಉತ್ತರಕ್ಕೆ ಹೊರಟಿದ್ದಾರೆ. ಅವರಿಗೆ ಶುಭ ಪ್ರಯಾಣ. ನಾನು ತೀರ್ಥಹಳ್ಳಿ ಕಡೆಯ ನನ್ನ ತೋಟದಲ್ಲಿಯೇ ನಿಂತು ಅವರ ವ್ಯಾಖ್ಯೆಯನ್ನು ಪರೀಕ್ಷಿಸುತ್ತೇನೆ.

ಭಾರತ ಮತ್ತು ಶ್ರೀಲಂಕಾ ನಡುವಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದಿತು, ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ನಡುವಿನ ಇಂಥದೇ ಸಾಫ್ಟಾ ಒಪ್ಪಂದ 2006ರಲ್ಲಿ. ಅಡಿಕೆ ಮರಗಳಿಗೆ ಹಬ್ಬಿಸಿದ ಕಾಳುಮೆಣಸನ್ನು ನಾನು ಒಂದು ಕಾಲದಲ್ಲಿ ಕಿಲೋಗೆ ಏಳುನೂರು ರೂಪಾಯಿಯ ಆಸುಪಾಸಿನಲ್ಲಿ ಮಾರಿದ್ದೆ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಒಳಬರುತ್ತಿದೆಯೆಂಬ ದೂರು ಮಲೆನಾಡಿನಲ್ಲೆಲ್ಲ ಕೇಳಿಬರುತ್ತಿದ್ದ ಹೊತ್ತಿಗೆ, 2018ರಲ್ಲಿ, ನನಗೆ ನಾನೂರೂ ಸಿಗಲಿಲ್ಲ. ಬಳ್ಳಿ ಅದೇ, ಏಣಿ ಅದೇ, ಕೊಯ್ಯುವ ಆಳುಗಳೂ ಅವರೇ, ಸಂಜೆಯವರೆಗೆ ದುಡಿದ ಗಂಟೆಗಳೂ ಅಷ್ಟೇ. ಹಣದಲ್ಲಿ ಅಳೆದರೆ ಅವರ ಉತ್ಪಾದಕತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅವರು ಸೋಮಾರಿಗಳಾದರೆಂದು ಹೇಳುವ ಧೈರ್ಯ ಯಾವ ಅರ್ಥಶಾಸ್ತ್ರಜ್ಞರಿಗಿದೆಯೋ ನಾನರಿಯೆ. ಸುಂಕ ಇಳಿಸಿದ ಸರ್ಕಾರವೇ 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕಿಲೋಗೆ 500 ರೂಪಾಯಿ, 2023ರ ಫೆಬ್ರುವರಿಯಲ್ಲಿ ಅಡಿಕೆಗೆ 351 ರೂಪಾಯಿ ಕನಿಷ್ಠ ಆಮದು ಬೆಲೆಯನ್ನು, ಎಂದರೆ ಅದಕ್ಕಿಂತ ಅಗ್ಗದ ಸರಕು ಹೊರಗಿನಿಂದ ಬರಬಾರದೆಂಬ ಮಿತಿಯನ್ನು, ನಿಗದಿ ಮಾಡಬೇಕಾಯಿತು. ಒಪ್ಪಂದದಿಂದ ಒಳಿತೇ ಆಗಿದ್ದರೆ ಈ ಬೇಲಿ ಏತಕ್ಕೆ?

ಪೋಲೆಂಡಿನ ಕಥೆ ಹೇಳುವವರು ಇಟಲಿಯ ಕಥೆಯನ್ನು ನುಂಗಿಕೊಳ್ಳುತ್ತಾರೆ. ಒಕ್ಕೂಟದ ಸ್ಥಾಪಕ ದೇಶಗಳಲ್ಲೊಂದಾದ ಇಟಲಿಯ ಉತ್ಪಾದಕತೆ 1990ರ ದಶಕದ ಕೊನೆಯಿಂದ ಬಹುಮಟ್ಟಿಗೆ ನಿಂತಲ್ಲೇ ನಿಂತಿದೆ. ಐರ್ಲೆಂಡಿನ ಜಿಡಿಪಿ 2015ರಲ್ಲಿ ಶೇಕಡ 20ಕ್ಕೂ ಹೆಚ್ಚು ಏರಿದ್ದು ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಆಸ್ತಿಯ ಲೆಕ್ಕವನ್ನು ಅಲ್ಲಿಗೆ ಸಾಗಿಸಿದ್ದರಿಂದ; ಅಲ್ಲಿನ ಕೆಲಸಗಾರರ ಕೈ ಒಂದೇ ವರ್ಷದಲ್ಲಿ ಅಷ್ಟು ಚುರುಕಾದದ್ದರಿಂದಲ್ಲ.

ನಮ್ಮಲ್ಲಿ ದುಡಿಮೆಯ ಫಲ ನಿಜವಾಗಿಯೂ ಹೆಚ್ಚಿದ್ದನ್ನು ನಾನು ಕಂಡದ್ದು ಅಡಿಕೆ ಸುಲಿಯುವ ಯಂತ್ರ ಬಂದಾಗ. ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಕೂರುತ್ತಿದ್ದ ಹೆಂಗಸರ ಕೆಲಸವನ್ನು ಅದು ಮಧ್ಯಾಹ್ನದೊಳಗೆ ಮುಗಿಸುತ್ತದೆ. ಅದರ ಸಾಲದ ಕಂತನ್ನು ಮೆಣಸಿನ ದುಡ್ಡಿನಲ್ಲಿ ತೀರಿಸುವುದೆಂದು ಲೆಕ್ಕ ಹಾಕಿದ್ದೆ. 2018ರಲ್ಲಿ ಆ ಲೆಕ್ಕ ತಪ್ಪಿದ್ದರಿಂದ ಕೊನೆಯ ಎರಡು ಕಂತುಗಳಿಗೆ ಕೈಗಡ ಮಾಡಬೇಕಾಯಿತು.