ದರೆಬಾಕ್ ಅಂದರೆ ನಮ್ಮ ಕಳ್ಳ

ಚೆಕ್ ದೇಶದ ಬ್ರನೋ ಊರಿನವರು ಟ್ರಾಮ್‌ಗೆ ‘ಶಾಲಿನಾ’ ಅಂತಾರೆ. ಅದರಲ್ಲಿ ಒಂದು ಸಂಜೆ ನನ್ನ ಎದುರು ಒಬ್ಬ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ನಾಲ್ಕೈದು ವರ್ಷದ ಮೊಮ್ಮಗ. ಅಜ್ಜಿ ಕಿಟಕಿ ಕಡೆ ತಿರುಗಿದ್ದೇ ತಡ, ಅವನು ಮೆಲ್ಲಗೆ ಚೀಲಕ್ಕೆ ಕೈ ಹಾಕಿ ರೊಹ್ಲೀಕ್ ಬನ್ನಿನ ತುದಿ ಮುರಿದು ಬಾಯಿಗೆ ಹಾಕಿಕೊಂಡ. ಅಜ್ಜಿ ನೋಡಿಬಿಟ್ಟರು. ಅವನ ತುಟಿ ಮೇಲಿನ ಚೂರನ್ನು ಹೆಬ್ಬೆರಳಲ್ಲಿ ಒರೆಸುತ್ತಾ "ತಿ ದರೆಬಾಕು!" ಅಂದರು.

ಮನೆಗೆ ಬಂದು ಚೆಕ್-ಇಂಗ್ಲಿಷ್ ನಿಘಂಟು ತೆಗೆದೆ. ದರೆಬಾಕ್: ರೋಗ್, ರಾಸ್ಕಲ್, ಸ್ಕೌಂಡ್ರಲ್, ವಿಲನ್. ಅಷ್ಟೇ. ಆ ಅಜ್ಜಿ ಇದರಲ್ಲಿ ಎಲ್ಲಿದ್ದಾರೆ?

ಅರ್ಥ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಂಗ್ಲಿಷಿನ ‘ರೋಗ್ ಸ್ಟೇಟ್’ಗೆ ಚೆಕ್ ಪತ್ರಿಕೆಗಳು ‘ದರೆಬಾತ್ಸ್ಕೀ ಸ್ತಾತ್’ ಅಂತಲೇ ಬರೆಯುತ್ತವೆ. ಒಂದೇ ಪದ ಬನ್ ಕದ್ದ ಮಗುವಿಗೂ ಆಗುತ್ತದೆ, ಕಟ್ಟಳೆ ಮೀರಿದ ದೇಶಕ್ಕೂ ಆಗುತ್ತದೆ. ಯಾರು ಯಾರಿಗೆ ಹೇಳಿದರು ಅನ್ನೋದರ ಮೇಲೆ ಅದರ ತೂಕ ನಿಂತಿದೆ. ನಿಘಂಟು ಬಿಡೋದು ಅದನ್ನೇ.

ನಮಗಂತೂ ತೊಂದರೆ ಇನ್ನೂ ಜಾಸ್ತಿ. ಚೆಕ್ ಪದ ನಮ್ಮ ಕೈಗೆ ಬರೋದು ಇಂಗ್ಲಿಷ್ ದಾಟಿಕೊಂಡು. ಇಂಗ್ಲಿಷ್ ಮಾತಾಡುವ ತಾಯಿ ಮಗುವನ್ನು ಮುದ್ದಿಗೆ ‘ರಾಸ್ಕಲ್’ ಅನ್ನಬಹುದು. ನಮ್ಮೂರಲ್ಲಿ ರಾಸ್ಕಲ್ ಅಂದರೆ ಜಗಳಾನೇ, ಅಲ್ವಾ? ಹಾಗಾಗಿ ಆ ಅರ್ಥ ಓದಿದ ಕನ್ನಡಿಗನಿಗೆ ಅಜ್ಜಿ ಮಗುವನ್ನು ಕೆಟ್ಟದಾಗಿ ಬೈದಂತೆ ಕಾಣುತ್ತದೆ.

ನಮ್ಮ ಹತ್ತಿರ ಒಳ್ಳೆಯ ಪದವೇ ಇದೆ. ಕಳ್ಳ. ಪೊಲೀಸರು ಹಿಡಿಯೋನೂ ಕಳ್ಳ, ಬೆಣ್ಣೆ ಕದ್ದ ಕೃಷ್ಣನೂ ಕಳ್ಳ. ಇನ್ನೊಂದು ಹೋಲಿಕೆ ನೋಡಿ. ಚೆಕ್‌ನಲ್ಲಿ ವಿಭಕ್ತಿ ಏಳು, ಐದನೆಯದು ಸಂಬೋಧನೆ. ಕರೆಯುವಾಗ ದರೆಬಾಕ್ ಹೋಗಿ ದರೆಬಾಕು ಆಗುತ್ತದೆ, ನಮ್ಮ ಕಳ್ಳ ‘ಕಳ್ಳಾ!’ ಆದ ಹಾಗೆ. ಮುದ್ದು ತುಂಬಿಕೊಳ್ಳೋದು ಆ ಕೊನೆಯ ಸ್ವರದಲ್ಲೇ. ಇಂಗ್ಲಿಷ್ ನಾಮಪದಕ್ಕೆ ಈ ಸೌಕರ್ಯ ಇಲ್ಲ.

ಎಲ್ಲ ಪದವೂ ಹೀಗೆ ಎರಡು ಕಡೆ ನಿಲ್ಲೋದಿಲ್ಲ. ‘ಪೊದ್ವೊದ್ನೀಕ್’ ಅಂದರೆ ಮೋಸಗಾರ, ಅದರಲ್ಲಿ ಪ್ರೀತಿಗೆ ಜಾಗ ಕಡಿಮೆ. ‘ಉಲಿಚ್ನೀಕ್’ ಹುಟ್ಟಿದ್ದು ಬೀದಿ ಅನ್ನೋ ಅರ್ಥದ ‘ಉಲಿತ್ಸೆ’ಯಿಂದ, ಅವನು ಬರೀ ತುಂಟ. ದುಷ್ಟ, ದರೋಡೆಕೋರ ಅನ್ನೋ ಅರ್ಥದ ‘ಲೊತ್ರ್’ ಮಾತ್ರ ದರೆಬಾಕ್‌ಗಿಂತ ದೂರ ನಡೆದಿದೆ. 16ನೇ ಶತಮಾನದ ಕೊನೆಯಲ್ಲಿ ಅಚ್ಚಾದ ಚೆಕ್ ಭಾಷೆಯ ಕ್ರಾಲಿತ್ಸೆ ಬೈಬಲ್‌ನಲ್ಲಿ ಯೇಸುವಿನ ಎಡಬಲಕ್ಕೆ ಶಿಲುಬೆಗೇರಿದ ಇಬ್ಬರೂ ಲೊತ್ರ್‌ಗಳು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಅವರು ಸುಮ್ನೆ ‘ಥೀವ್ಸ್’. ಇವತ್ತು ಅದೇ ಲೊತ್ರ್ ಅನ್ನೋ ಪದದಲ್ಲಿ ತರಲೆ ಮಗುವನ್ನೂ ಗದರಿಸುತ್ತಾರೆ.

ನಿಘಂಟು ಮಾಡುವವರಲ್ಲಿ ನನ್ನದೊಂದೇ ಬೇಡಿಕೆ. ಅರ್ಥ ನಾಲ್ಕು ಕೊಡೋ ಜಾಗದಲ್ಲಿ ಎರಡೇ ಕೊಡಿ, ಉಳಿದ ಜಾಗಕ್ಕೆ ಜನ ಆಡಿದ ಒಂದು ಮಾತು ಹಾಕಿ. ನನ್ನ ಪುಸ್ತಕದಲ್ಲಿ ದರೆಬಾಕ್ ಎದುರು ಕಳ್ಳ ಅಂತ ಬರೆದು, ಕೆಳಗೆ ಆ ಅಜ್ಜಿ, ಶಾಲಿನಾ, ಮುರಿದ ರೊಹ್ಲೀಕ್ ಮೂರನ್ನೂ ಬರೆದಿಟ್ಟುಕೊಂಡಿದ್ದೇನೆ.