ಒಂದೇ ಏಟಿಗೆ ತಿದ್ದುಪಡಿ

ಕಾಲೇಜಿನ ಪ್ರಬಂಧಕ್ಕೆ ಬರೆಯುವಾಗ ಆಗದ ಅನಾಹುತ ತಿದ್ದುವಾಗ ಆಗುತ್ತದೆ. ನನ್ನ ತಂಗಿಯ ಮಗಳು ಬಿ.ಎ. ಓದುತ್ತಿದ್ದಾಳೆ. ಕರ್ನಾಟಕ ಏಕೀಕರಣದ ಬಗ್ಗೆ ಅವಳು ಬರೆದದ್ದು ಚೆನ್ನಾಗಿಯೇ ಇತ್ತು. ಕರಡು ನೋಡಿದ ಮೇಡಂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚಿದರು: ‘ಮೈಸೂರು ಎಂದರೆ ಊರೋ, ರಾಜ್ಯವೋ? 1973ರ ನಂತರದ ರಾಜ್ಯವಾದರೆ ಕರ್ನಾಟಕ ಎಂದು ಬರೆಯಬೇಕು.’

ಮರುದಿನವೇ ಸಲ್ಲಿಸಬೇಕಿತ್ತು. ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯವನು “ಅದಕ್ಕೇಕೆ ಚಿಂತೆ, ಒಂದೇ ಏಟಿಗೆ ಮುಗಿಸೋಣ” ಎಂದು ಕಂಪ್ಯೂಟರಿಗೆ ಆಜ್ಞೆ ಕೊಟ್ಟ: ಮೈಸೂರು ಇದ್ದಲ್ಲೆಲ್ಲ ಕರ್ನಾಟಕ. ಹೆಸರು ಬದಲಿಸುವುದು ದೇವರಾಜ ಅರಸರಿಗೂ ಇಷ್ಟು ಸಲೀಸಾಗಿರಲಿಕ್ಕಿಲ್ಲ.

ರಾತ್ರಿ ಸ್ಪೈರಲ್ ಬೈಂಡಿಂಗ್ ಆದ ಪ್ರತಿಯನ್ನು ಕೈಗಿಟ್ಟು “ಮಾವ, ಒಂದು ಸಲ ಕಣ್ಣಾಡಿಸಿ” ಎಂದಳು. ಆಡಿಸಿದೆ. 1799ರಲ್ಲಿ ಟಿಪ್ಪು ಮಡಿದದ್ದು ನಾಲ್ಕನೆಯ ಆಂಗ್ಲೋ-ಕರ್ನಾಟಕ ಯುದ್ಧದಲ್ಲಿ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ್ದು ಕರ್ನಾಟಕ ವಿಶ್ವವಿದ್ಯಾಲಯ. ಧಾರವಾಡದಲ್ಲಿರುವ ಆ ಹೆಸರಿನದು 1949ರದು. ಪಾಪ, ರಾತ್ರೋರಾತ್ರಿ ಮೂವತ್ತಮೂರು ವರ್ಷ ಮುದಿಯಾಯಿತು. ದಸರಾ ಪ್ರಸ್ತಾಪ ಬಂದಲ್ಲಿ ಕರ್ನಾಟಕ ಪಾಕ್. (ಏಕೀಕರಣದೊಳಗೆ ಮೈಸೂರು ಪಾಕ್ ಹೇಗೆ ಬಂತೆಂದು ನಾನು ಕೇಳಲಿಲ್ಲ. ಪುಟ ತುಂಬಬೇಕಲ್ಲ!) ಎಲ್ಲಕ್ಕೂ ಕಳಶವಿಟ್ಟಂತೆ ಕೊನೆಯ ಪುಟದಲ್ಲಿ: ‘1973ರ ನವೆಂಬರ್ 1ರಂದು ಕರ್ನಾಟಕ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಲಾಯಿತು.’

ಇಷ್ಟೆಲ್ಲ ಆದರೂ ವಿಭಕ್ತಿ ಹಚ್ಚಿಕೊಂಡ ಮೈಸೂರು ಒಂದೂ ಸಿಕ್ಕಿಬಿದ್ದಿರಲಿಲ್ಲ. ಮೈಸೂರಿನ, ಮೈಸೂರಿಗೆ, ಮೈಸೂರಿನಲ್ಲಿ ಎಲ್ಲವೂ ಕೊಂಬು ಕಳಚಿಟ್ಟು, ಗುಡಿಸು ಏರಿಸಿಕೊಂಡು, ಕಂಪ್ಯೂಟರಿನ ಕಣ್ಣಿಗೆ ಮಣ್ಣೆರಚಿದ್ದವು. ಹಾಗಾಗಿ ಮೇಡಂ ಕೆಂಪು ಗೆರೆ ಎಳೆದಿದ್ದ ‘1978ರ ಮೈಸೂರಿನ ವಿಧಾನಸಭಾ ಚುನಾವಣೆ’ ಮಾತ್ರ ಇದ್ದಲ್ಲೇ ಇತ್ತು.

ಬೆಳಿಗ್ಗೆ ಶಟರ್ ಏಳುವ ಮೊದಲೇ ಹೋಗಿ ನಿಂತೆವು. ಅಂಗಡಿಯವನು ಕಿಂಚಿತ್ತೂ ವಿಚಲಿತನಾಗಲಿಲ್ಲ. “ಕರ್ನಾಟಕ ಇದ್ದಲ್ಲೆಲ್ಲ ವಾಪಸ್ ಮೈಸೂರು ಹಾಕಿದರಾಯಿತಲ್ಲ, ಸಾರ್?” ಎಂದ. ಮೊದಲಿನಿಂದಲೂ ಕರ್ನಾಟಕವಾಗಿಯೇ ಇದ್ದ ಕರ್ನಾಟಕಗಳ ಗತಿಯೇನು? 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಮೈಸೂರು ವಿದ್ಯಾವರ್ಧಕ ಸಂಘವಾದರೆ ಏಕೀಕರಣವೇ ಹಿಂದಕ್ಕೆ ಹೋದೀತು!

ಸೊಸೆ ಅವನ ಕೈಯಿಂದ ಮೌಸ್ ಕಿತ್ತುಕೊಂಡು ಒಂದೊಂದಾಗಿ ತಿದ್ದತೊಡಗಿದಳು. ಅವನು ನನ್ನ ಕಡೆ ತಿರುಗಿ, “ಹೀಗೆ ತಿದ್ದಿದರೆ ಪುಟಕ್ಕೆ ಬೇರೆ ರೇಟು ಆಗುತ್ತದೆ, ಸಾರ್. ನಿನ್ನೆಯದು ನಾನು ಪುಕ್ಕಟೆ ಮಾಡಿಕೊಟ್ಟದ್ದು” ಎಂದ.