ಇಯರ್‌ಫೋನ್ ಕೊಳ್ಳುವ ಮುಂಚೆ ನಿಮ್ಮ ಹಾಡುಗಳ ಪಟ್ಟಿ ನೋಡಿ

ಯಾವ ಇಯರ್‌ಫೋನ್ ಕೊಳ್ಳಲಿ ಅಂತ ಯಾರಾದರೂ ಕೇಳಿದರೆ, ನೀವು ಏನು ಕೇಳುತ್ತೀರಿ ಅಂತ ನಾನು ವಾಪಸ್ ಕೇಳುತ್ತೇನೆ. ‘ಎಲ್ಲಾ ಕೇಳ್ತೀನಿ’ ಅನ್ನುವವರೇ ಜಾಸ್ತಿ. ಆದರೆ ಅವರ ಪ್ಲೇಯರ್ ನೋಡಿದರೆ ಮತ್ತೆ ಮತ್ತೆ ಓಡಿರುವುದು ಒಂದೆರಡು ಬಗೆಯ ಸಂಗೀತ ಅಷ್ಟೆ. ಆ ಒಂದೆರಡು ಬಗೆಗೆ ಹೊಂದುವುದನ್ನೇ ಆರಿಸಿ ಅನ್ನುವುದು ನನ್ನ ಮಾತು. ಎಲ್ಲದಕ್ಕೂ ಆಗುವಂಥದ್ದನ್ನು ಹುಡುಕುತ್ತಾ ಹೋದವರು ಕೊನೆಗೆ ಯಾವುದಕ್ಕೂ ಮನಸ್ಸು ತುಂಬದ ಒಂದನ್ನು ತಂದುಕೊಳ್ಳುತ್ತಾರೆ.

ಬಾಕ್ಸ್ ಮೇಲಿನ ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಅನ್ನುವುದನ್ನು ನಂಬಿ ಕೂರಬೇಡಿ. ಹರ್ಟ್ಸ್ ಅಂದರೆ ಶಬ್ದ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಅಳತೆ, ಅಂಕಿ ಚಿಕ್ಕದಾದಷ್ಟೂ ಸ್ವರ ಕೆಳಗೆ. ಮನುಷ್ಯರ ಕಿವಿ ಕೇಳುವುದೂ ಸುಮಾರು ಅಷ್ಟೇ, ಅದರಲ್ಲೂ ಮೇಲಿನ ತುದಿ ವಯಸ್ಸಾದ ಹಾಗೆ ಕಡಿಮೆಯಾಗುತ್ತದೆ. ಇಯರ್‌ಫೋನ್ ಎಲ್ಲಿಂದ ಎಲ್ಲಿಯವರೆಗೆ ಶಬ್ದ ಕೊಡುತ್ತದೆ ಅನ್ನುವುದನ್ನು ಮಾತ್ರ ಆ ಅಂಕಿ ಹೇಳುತ್ತದೆ. ಎಲ್ಲಿ ಎಷ್ಟು ಕೊಡುತ್ತದೆ ಅನ್ನುವುದನ್ನು ಹೇಳುವುದಿಲ್ಲ. ನಮಗೆ ಬೇಕಾದದ್ದು ಅದೇ ಅಲ್ವಾ?

ಬೇಸ್, ಅಂದರೆ ತಳದ ದಪ್ಪ ಶಬ್ದ, ಇಷ್ಟಪಡುವವರನ್ನು ಸಂಗೀತ ಗೊತ್ತಿಲ್ಲದವರು ಅನ್ನುವ ಹಾಗೆ ನೋಡುವವರಿದ್ದಾರೆ. ನನಗೆ ಇದು ಸರಿ ಅನಿಸುವುದಿಲ್ಲ. ಹಿಪ್‌ಹಾಪ್ ಆಗಲಿ, ಎಲೆಕ್ಟ್ರಾನಿಕ್ ಸಂಗೀತ ಆಗಲಿ, ಅದರ ಜೀವವೇ ತಳದಲ್ಲಿರುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ಇನ್ನೂ ಕೆಳಗೆ ಇಳಿಯುತ್ತದೆ. ಅದು ಕೇಳದಿದ್ದರೆ ಆ ಹಾಡು ಅರ್ಧ ಮಾತ್ರ ಕೇಳಿದ ಹಾಗೆ. ನೋಡಬೇಕಾದದ್ದು ಬೇಸ್ ಎಲ್ಲಿ ಎದ್ದಿದೆ ಅನ್ನುವುದನ್ನು. 80 ಹರ್ಟ್ಸ್‌ನ ಕೆಳಗೆ ಎದ್ದಿದ್ದರೆ ಗುದ್ದು ಸಿಗುತ್ತದೆ, ಹಾಡುವವರ ದನಿಗೆ ಅಷ್ಟಾಗಿ ತೊಂದರೆ ಇಲ್ಲ. ಅದೇ 200–300 ಹರ್ಟ್ಸ್ ಹತ್ತಿರ ಉಬ್ಬಿದ್ದರೆ ಗಂಡು ದನಿಯ ಮೇಲೆ, ಗಿಟಾರ್ ಮೇಲೆ ಎಲ್ಲಾ ಒಂದು ಮಬ್ಬು ಕವಿಯುತ್ತದೆ. ಜೋರಾದ ಕೆಳಗಿನ ಶಬ್ದ ಅದರ ಮೇಲಿನ ಶಬ್ದಗಳನ್ನು ಮುಚ್ಚಿಬಿಡುತ್ತದೆ. ನಮ್ಮ ಕಿವಿ ಇರುವುದೇ ಹಾಗೆ. ತಬಲಾ ಇರುವ ಒಂದು ಹಾಡು ಹಾಕಿ ನೋಡಿ, ಬೇಗ ಗೊತ್ತಾಗುತ್ತದೆ. ಎಡಗೈಯ ಗುಂಯ್ ಅನ್ನುವ ನಾದ ಬಾಗುವುದು ಕೇಳಬೇಕು, ಅದರ ಜೊತೆಗೇ ಬಲಗೈಯ ಬೆರಳಿನ ಪೆಟ್ಟು ಒಂದೊಂದೂ ಬೇರೆಬೇರೆ ಕೇಳಬೇಕು. ಎಡ ಬಲವನ್ನು ನುಂಗುತ್ತಿದ್ದರೆ ಅದನ್ನು ಕೆಳಗಿಡಿ.

ನಾನು ದನಿಗೆ ಸೋಲುವವ. ಹಾಡಿನಲ್ಲಿ ಮಾತು, ಉಸಿರು, ಸ್ವರ ಜಾರುವ ರೀತಿ ನನಗೆ ಮುಖ್ಯ. ಹಾಗಾಗಿ ನನ್ನ ಗಮನವೆಲ್ಲ ಮಧ್ಯದ ಮೇಲೆ, 1,000ದಿಂದ 4,000 ಹರ್ಟ್ಸ್‌ವರೆಗಿನ ಜಾಗದ ಮೇಲೆ. ಇಲ್ಲೊಂದು ಸ್ವಾರಸ್ಯ ಇದೆ. ನಮ್ಮ ಕಿವಿಯ ನಾಳ ತಾನಾಗಿಯೇ 3,000 ಹರ್ಟ್ಸ್ ಆಸುಪಾಸಿನ ಶಬ್ದವನ್ನು ಎತ್ತಿ ಕೊಡುತ್ತದೆ. ನಾಳದ ಬಾಯಿಯನ್ನೇ ಮುಚ್ಚುವಂಥ ಇಯರ್‌ಫೋನ್ ಹಾಕಿದಾಗ ಆ ಸಹಜ ಏರಿಕೆ ಕೆಡುತ್ತದೆ. ಅದಕ್ಕೇ ಇಯರ್‌ಫೋನ್ ಮಾಡುವವರು ಆ ಜಾಗವನ್ನು ತಾವೇ ಎತ್ತಿರುತ್ತಾರೆ. ಎತ್ತಿದ್ದು ಸಾಲದಿದ್ದರೆ ಹಾಡುವವರು ಎಲ್ಲೋ ಹಿಂದೆ, ಪರದೆಯ ಆಚೆ ನಿಂತ ಹಾಗೆ. ಹೆಚ್ಚಾದರೆ ಕೂಗಿದ ಹಾಗೆ. ಇನ್ನೂ ಮೇಲೆ, 5,000ದಿಂದ 8,000ದ ನಡುವೆ, ‘ಸ’, ‘ಶ’ಗಳ ಸೀಟಿ ಇರುತ್ತದೆ. ಈ ಅಕ್ಷರಗಳು ಜಾಸ್ತಿ ಬರುವ, ಹೆಣ್ಣು ದನಿಯ ಹಾಡೊಂದನ್ನು ಸದಾ ಪ್ಲೇಯರ್‌ನಲ್ಲಿ ಇಟ್ಟಿರಿ. ಪ್ರತಿ ‘ಸ’ ಕಿವಿಗೆ ಚುಚ್ಚಿದರೆ ಬೇರೆ ಏನೇ ಚೆನ್ನಾಗಿದ್ದರೂ ಅದನ್ನು ಬಹಳ ಹೊತ್ತು ಹಾಕಿಕೊಳ್ಳಲು ಆಗುವುದಿಲ್ಲ.

ಹಾಗಂತ ಮೇಲಿನದ್ದನ್ನೆಲ್ಲ ಇಳಿಸಿದ ಮಂದ ಶಬ್ದವೂ ಒಳ್ಳೆಯದಲ್ಲ. ತಂಬೂರವನ್ನೇ ತೆಗೆದುಕೊಳ್ಳಿ. ಅದರ ಸೊಗಸು ಇರುವುದು ಮೂಲ ಸ್ವರದ ಮೇಲೆ ಮಿನುಗುವ ಸ್ವರಗಳಲ್ಲಿ. ಮಂದ ಇಯರ್‌ಫೋನ್‌ನಲ್ಲಿ ಅದು ಬರೀ ಗುಂಗು ಆಗಿಬಿಡುತ್ತದೆ. ಪಿಟೀಲು ಕೇಳುವವರಿಗೂ ಇದೇ ಮಾತು. ಪಾಶ್ಚಾತ್ಯ ಶ್ರುತಿಯ ಪಿಟೀಲಿನ ಅತಿ ಕೆಳಗಿನ ತಂತಿಯೇ 196 ಹರ್ಟ್ಸ್. ಒಂಟಿ ಪಿಟೀಲು ಕೇಳಲು ಭಾರಿ ಬೇಸ್ ಇಟ್ಟುಕೊಂಡು ಮಾಡುವುದೇನು? ಹಳೆಯ ರೆಕಾರ್ಡಿಂಗ್ ಕೇಳುವವರಿಗೆ ಮಾತ್ರ ನನ್ನ ಸಲಹೆ ಉಲ್ಟಾ. ಅವುಗಳಲ್ಲಿ ಸುಯ್ ಅನ್ನುವ ಸದ್ದು ಇದ್ದೇ ಇರುತ್ತದೆ. ಚುರುಕಾದ ಇಯರ್‌ಫೋನ್ ಆ ಸದ್ದನ್ನೇ ಮುಂದೆ ತಂದು ನಿಲ್ಲಿಸುತ್ತದೆ. ಸ್ವಲ್ಪ ಮೆತ್ತಗಿನ ಶಬ್ದದ್ದೇ ಅಲ್ಲಿ ಹಿತ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಇಯರ್‌ಫೋನ್ ತುದಿಯ ಮೆತ್ತನೆ ಸಿಲಿಕೋನ್ ಟಿಪ್ ಕಿವಿಗೆ ಸರಿಯಾಗಿ ಕೂರದಿದ್ದರೆ ಎಲ್ಲಾ ಸುಮ್ನೆ. ಸಣ್ಣ ಸಂದು ಉಳಿದರೂ ಮೊದಲು ಸೋರಿಹೋಗುವುದು ಬೇಸ್. ‘ಇದರಲ್ಲಿ ಬೇಸೇ ಇಲ್ಲ’ ಅನ್ನುವ ದೂರುಗಳಲ್ಲಿ ಎಷ್ಟೋ ಟಿಪ್ ಅಳತೆಯವು. ಬಾಕ್ಸ್‌ನಲ್ಲಿ ಬರುವ ಎಲ್ಲಾ ಅಳತೆಯನ್ನೂ ಹಾಕಿ ನೋಡಿ. ಎಡಗಿವಿಗೊಂದು, ಬಲಗಿವಿಗೊಂದು ಅಳತೆ ಬೇಕಾಗಬಹುದು, ಅದರಲ್ಲಿ ವಿಚಿತ್ರ ಏನಿಲ್ಲ. ಚೆನ್ನಾಗಿ ಕೂತ ಟಿಪ್ ಹೊರಗಿನ ಗದ್ದಲವನ್ನೂ ತಡೆಯುತ್ತದೆ, ವಾಲ್ಯೂಮ್ ಕಡಿಮೆ ಇಟ್ಟರೆ ಸಾಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ (ಇದು ಶಬ್ದದ ಜೋರಿನ ಅಳತೆ) ವಾರಕ್ಕೆ 40 ಗಂಟೆ. ಬಸ್ಸಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವವರು ಇದನ್ನು ದಾಟುವುದು ಸುಲಭ.

ಒಳಗೆ ಎಷ್ಟು ಡ್ರೈವರ್, ಅಂದರೆ ಶಬ್ದ ಹುಟ್ಟಿಸುವ ಪುಟ್ಟ ಸ್ಪೀಕರ್, ಇವೆ ಅನ್ನುವುದಕ್ಕೆ ನಾನು ಬೆಲೆ ಕೊಡುವುದಿಲ್ಲ. ಚೆನ್ನಾಗಿ ಮಾಡಿದ ಒಂದೇ ಡೈನಾಮಿಕ್ (ಮಾಮೂಲಿ ಬಗೆಯ) ಡ್ರೈವರ್, ಅವಸರದಲ್ಲಿ ಜೋಡಿಸಿದ ಐದಕ್ಕಿಂತ ಮೇಲು. ಪ್ಲೇಯರ್‌ನ ಶಕ್ತಿ ಮಾತ್ರ ನೋಡಲೇಬೇಕು. ಓಮ್ ಅಂದರೆ ಇಯರ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. 16ರಿಂದ 32 ಓಮ್‌ನವು ಚಿಕ್ಕ ಪ್ಲೇಯರ್‌ಗೆ ಸಾಮಾನ್ಯವಾಗಿ ಆಗುತ್ತವೆ. 300 ಓಮ್‌ನ ಹೆಡ್‌ಫೋನ್ ಹಾಕಿದರೆ ಪೂರ್ತಿ ವಾಲ್ಯೂಮ್‌ನಲ್ಲೂ ಶಬ್ದ ಸೊರಗಬಹುದು. ಓಮ್ ಜೊತೆಗೆ ಸೆನ್ಸಿಟಿವಿಟಿಯನ್ನೂ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದನ್ನೂ ನೋಡಿ. ಅದು ತೀರಾ ಜಾಸ್ತಿ ಇದ್ದರೆ ಹಾಡು ನಿಂತಾಗ ಪ್ಲೇಯರ್‌ನ ಸುಯ್ ಸದ್ದು ಕಿವಿಗೆ ಬೀಳುತ್ತದೆ.

ಎರಡನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಯಾವುದು ತುಸು ಜೋರಾಗಿದೆಯೋ ಅದೇ ಚೆಂದ ಅನಿಸುತ್ತದೆ. ಅಂಗಡಿಯವರು ಹಾಕಿದ ಹಾಡು ಬೇಡ, ನಿಮಗೆ ಬಾಯಿಪಾಠ ಆಗಿರುವ ಹಾಡು ಹಾಕಿ. ದಿನಾ ಎಷ್ಟು ಸಣ್ಣಗೆ ಕೇಳುತ್ತೀರೋ ಅಷ್ಟೇ ಇಟ್ಟು ಕೇಳಿ. ಶಬ್ದ ಸಣ್ಣಗಾದಷ್ಟೂ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಮೆಲ್ಲಗೆ ಕೇಳುವವರಿಗೆ ಬೇಸ್ ಒಂದಿಷ್ಟು ಜಾಸ್ತಿ ಇರುವುದೇ ಸರಿ.

ನಿಮ್ಮ ರುಚಿ ನಿಮಗೇ ಗೊತ್ತಾಗುತ್ತಿಲ್ಲ ಅಂದರೆ ಹೊಸದು ಕೊಳ್ಳುವ ಮುಂಚೆ ಈಗಿರುವ ಪ್ಲೇಯರ್‌ನ ಈಕ್ವಲೈಜರ್ (ಬೇರೆಬೇರೆ ಹರ್ಟ್ಸ್‌ನ ಶಬ್ದವನ್ನು ಏರಿಸುವ, ಇಳಿಸುವ ಸೌಲಭ್ಯ) ತೆರೆಯಿರಿ. 250 ಹರ್ಟ್ಸ್ ಹತ್ತಿರ ಸ್ವಲ್ಪ ಇಳಿಸಿ, ದನಿ ಮುಂದೆ ಬಂತಾ ನೋಡಿ. 6,000 ಹತ್ತಿರ ಇಳಿಸಿ, ಸುಸ್ತು ಕಡಿಮೆಯಾಯಿತಾ ನೋಡಿ. ಏರಿಸುವುದಕ್ಕಿಂತ ಇಳಿಸಿ ನೋಡುವುದೇ ಒಳ್ಳೆಯದು, ಏರಿಸಿದರೆ ಶಬ್ದ ಒಡೆಯುವ ಸಾಧ್ಯತೆ ಇರುತ್ತದೆ. ಕೆಲವು ದಿನ ಹಾಗೇ ಕೇಳಿ, ಯಾವ ಬದಲಾವಣೆಯನ್ನು ವಾಪಸ್ ತೆಗೆಯಲು ಮನಸ್ಸಾಗುವುದಿಲ್ಲವೋ ಅದನ್ನು ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ.